ಒಬ್ಬರೇ ಗುರು, ಹಲವು ಆಟ: ಕಾಲೇಜು ಮೈದಾನದಲ್ಲಿ ಇದು ಹೇಗೆ ಸಾಧ್ಯವಾಗುತ್ತದೆ?

ದ್ವಿತೀಯ ಪಿಯುಸಿ ಫಲಿತಾಂಶ ಬಂದು ಪದವಿ ಕಾಲೇಜುಗಳಲ್ಲಿ ಪ್ರವೇಶ ಶುರುವಾದರೆ ದಾವಣಗೆರೆ, ಚಿತ್ರದುರ್ಗದ ಎಷ್ಟೋ ಮನೆಗಳಲ್ಲಿ ಅಂಕಪಟ್ಟಿಯ ಜೊತೆಗೆ ಕ್ರೀಡಾ ಪ್ರಮಾಣಪತ್ರಗಳೂ ಹೊರಬರುತ್ತವೆ. ಮಗ ಕಬಡ್ಡಿಯಲ್ಲಿ ಜಿಲ್ಲಾ ಮಟ್ಟ ಮುಟ್ಟಿದ್ದಾನೆ, ಮಗಳು ತಾಲ್ಲೂಕು ಕ್ರೀಡಾಕೂಟದಲ್ಲಿ 800 ಮೀಟರ್ ಗೆದ್ದಿದ್ದಾಳೆ. ಯಾವ ಕಾಲೇಜಿಗೆ ಸೇರಿಸಿದರೆ ಓದಿನ ಜೊತೆ ಆಟವೂ ಉಳಿಯುತ್ತದೆ? 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಈ ಪ್ರಶ್ನೆಗೆ ಹಿಂದೆಂದೂ ಇಲ್ಲದ ತೂಕ ಬಂದಿದೆ.

ಕಾಲೇಜಿಗೆ ಹೋಗಿ ವಿಚಾರಿಸಿದವರಿಗೆ ಒಂದು ಗೊಂದಲ ಎದುರಾಗುತ್ತದೆ. ಕಬಡ್ಡಿಗೆ ಯಾರನ್ನು ಕಾಣಬೇಕು ಎಂದರೆ ಒಬ್ಬರ ಹೆಸರು ಹೇಳುತ್ತಾರೆ. ವಾಲಿಬಾಲ್‌ಗೂ ಅವರೇ, ಖೋ ಖೋಗೂ ಅವರೇ, ಓಟಕ್ಕೂ ಎಸೆತಕ್ಕೂ ಅವರೇ. ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಆಟ ಕಲಿಸಲು ಬರುತ್ತದೆಯೇ ಎಂದು ಪೋಷಕರು ಕೇಳುವುದು ಸಹಜ, ನ್ಯಾಯವೂ ಹೌದು. ಅದಕ್ಕೆ ಉತ್ತರ ಸಿಗಬೇಕಾದರೆ ಈ ಹುದ್ದೆ ಎಂಥದು, ಎಲ್ಲಿಂದ ಬಂತು, ಹಲವು ಆಟಗಳಲ್ಲಿ ಗೆದ್ದ ಗುರುಗಳು ನಿಜಕ್ಕೂ ಮಾಡಿದ್ದೇನು ಎಂಬುದನ್ನು ನೋಡಬೇಕು.

ನಿರ್ದೇಶಕರು ಬೇರೆ, ತರಬೇತುದಾರರು ಬೇರೆ

ಮಕ್ಕಳ ಬಾಯಲ್ಲಿ ಎಲ್ಲರೂ 'ಪಿ.ಡಿ. ಸರ್' ಅಥವಾ 'ಕೋಚ್'. ಆದರೆ ಕಾಲೇಜಿನಲ್ಲಿರುವುದು ಸಾಮಾನ್ಯವಾಗಿ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಅವರು ದೈಹಿಕ ಶಿಕ್ಷಣದಲ್ಲಿ ಪದವಿ, ಸ್ನಾತಕೋತ್ತರ ಪದವಿ ಪಡೆದವರು. ಆ ಓದಿನಲ್ಲಿ ದೇಹರಚನೆ, ಸ್ನಾಯುಗಳ ಕೆಲಸ, ಗಾಯದ ಆರೈಕೆ, ಕ್ರೀಡಾಕೂಟ ನಡೆಸುವ ಬಗೆ, ಹತ್ತಾರು ಆಟಗಳ ನಿಯಮ ಎಲ್ಲವೂ ಬರುತ್ತವೆ. ವಿಸ್ತಾರ ಹೆಚ್ಚು, ಒಂದೊಂದು ಆಟದಲ್ಲಿ ಆಳ ಅಷ್ಟಿರುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಈ ಹುದ್ದೆಗೆ ಓದಿನ ಜೊತೆ ದೇಹದಾರ್ಢ್ಯ ಪರೀಕ್ಷೆಯನ್ನೂ ಇಟ್ಟಿದೆ: 30 ವರ್ಷದೊಳಗಿನ ಪುರುಷ ಅಭ್ಯರ್ಥಿ 12 ನಿಮಿಷದಲ್ಲಿ 1800 ಮೀಟರ್, ಮಹಿಳಾ ಅಭ್ಯರ್ಥಿ 8 ನಿಮಿಷದಲ್ಲಿ 1000 ಮೀಟರ್ ಕ್ರಮಿಸಬೇಕು.

ತರಬೇತುದಾರರ ದಾರಿ ಬೇರೆ. 1961ರಲ್ಲಿ ಪಟಿಯಾಲದ ಹಳೆಯ ಅರಮನೆಯಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಒಂದೊಂದು ಆಟಕ್ಕೆ ಪ್ರತ್ಯೇಕ ಡಿಪ್ಲೊಮಾ ಕೊಡುತ್ತದೆ. ಅಲ್ಲಿ ಕಲಿತವರನ್ನು ಮೈದಾನದಲ್ಲಿ 'ಎನ್‌ಐಎಸ್ ಕೋಚ್' ಎನ್ನುತ್ತಾರೆ. ಕಬಡ್ಡಿಯಲ್ಲಿ ಡಿಪ್ಲೊಮಾ ಮಾಡಿದವರು ಕಬಡ್ಡಿಯನ್ನೇ ಕಲಿಸುತ್ತಾರೆ. ಇಂಥವರು ಹೆಚ್ಚಾಗಿ ಕ್ರೀಡಾ ಇಲಾಖೆಯ ವಸತಿನಿಲಯಗಳಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಲ್ಲಿ ಸಿಗುತ್ತಾರೆ. ಪ್ರತಿ ಆಟಕ್ಕೂ ಒಬ್ಬೊಬ್ಬ ಕೋಚ್‌ನನ್ನು ನೇಮಿಸುವ ಶಕ್ತಿ ನಮ್ಮ ಪದವಿ ಕಾಲೇಜುಗಳಿಗೆ ಇರುವುದಿಲ್ಲ. ಹಾಗಾಗಿ ನಿರ್ದೇಶಕರೇ ತರಬೇತುದಾರರೂ ಆಗುತ್ತಾರೆ, ತಂಡದ ವ್ಯವಸ್ಥಾಪಕರೂ ಆಗುತ್ತಾರೆ, ಮೈದಾನಕ್ಕೆ ಸುಣ್ಣದ ಗೆರೆ ಎಳೆಸುವುದರಿಂದ ಹಿಡಿದು ಬಸ್ ಟಿಕೆಟ್‌ವರೆಗೆ ಎಲ್ಲವೂ ಅವರ ತಲೆಯ ಮೇಲೆಯೇ.

ಇವರ ವಿದ್ಯಾರ್ಥಿಗಳು ಏರುವ ಮೆಟ್ಟಿಲುಗಳೂ ಗೊತ್ತಿರಲಿ. ಮೊದಲನೆಯದು ಅಂತರ ಕಾಲೇಜು ಪಂದ್ಯಾವಳಿ. ನಮ್ಮ ಎರಡು ಜಿಲ್ಲೆಗಳ ಪದವಿ ಕಾಲೇಜುಗಳಿಗೆ ಇದು 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ನಡೆಯುತ್ತದೆ. ಅಲ್ಲಿ ಕಣ್ಣಿಗೆ ಬಿದ್ದವರು ಆಯ್ಕೆ ಟ್ರಯಲ್‌ಗೆ ಹೋಗಿ ವಿಶ್ವವಿದ್ಯಾಲಯ ತಂಡ ಸೇರುತ್ತಾರೆ. ಅವರನ್ನೇ 'ಯೂನಿವರ್ಸಿಟಿ ಬ್ಲೂ' ಎನ್ನುವುದು. ಮುಂದೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ವಲಯ ಮಟ್ಟ, ಅಖಿಲ ಭಾರತ ಮಟ್ಟ. 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಇದೆ. ಅದರ ಎರಡನೆಯ ಆವೃತ್ತಿ 2022ರಲ್ಲಿ ಬೆಂಗಳೂರಿನಲ್ಲೇ ನಡೆಯಿತು.

ಸ್ಟ್ಯಾಗ್ ಎಂಬ ಮೂಲಪುರುಷ

ಒಂದು ಕಾಲೇಜು, ಒಬ್ಬ ಗುರು, ಹಲವು ಆಟ. ಈ ಪದ್ಧತಿಯ ಅತಿ ದೊಡ್ಡ ಉದಾಹರಣೆ ಅಮೆರಿಕದ ಅಮೋಸ್ ಅಲೋಂಜೊ ಸ್ಟ್ಯಾಗ್. 1862ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಇವರು ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಪಾದ್ರಿಯಾಗಬೇಕೆಂದು. ಅಲ್ಲಿ ಬೇಸ್‌ಬಾಲ್‌ನಲ್ಲಿ ಚೆಂಡೆಸೆತಗಾರರಾಗಿ ಹೆಸರು ಮಾಡಿದರು. ಅಮೆರಿಕನ್ ಫುಟ್‌ಬಾಲ್‌ನಲ್ಲಿ, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎದುರಾಳಿಗಳನ್ನು ಭೇದಿಸಿ ಓಡುವ ಆಟದಲ್ಲಿ, ದೇಶದ ಅತ್ಯುತ್ತಮ ಕಾಲೇಜು ಆಟಗಾರರನ್ನು ಹೆಸರಿಸುವ ಅಖಿಲ ಅಮೆರಿಕ ತಂಡದ 1889ರ ಮೊದಲ ಪಟ್ಟಿಯಲ್ಲೇ ಜಾಗ ಪಡೆದರು. ಪ್ರವಚನಪೀಠಕ್ಕಿಂತ ಮೈದಾನವೇ ತಮ್ಮ ಕ್ಷೇತ್ರ ಎಂದು ತೀರ್ಮಾನಿಸಿದ್ದು ಆಮೇಲೆ.

1890ರಲ್ಲಿ ಅವರು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಗೆ ಬಂದರು. ಅವರ ಫುಟ್‌ಬಾಲ್ ತಂಡದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಆಟಗಾರನಿದ್ದ. 1891ರ ಡಿಸೆಂಬರ್‌ನಲ್ಲಿ ಅದೇ ನೈಸ್ಮಿತ್ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಬಾಸ್ಕೆಟ್‌ಬಾಲ್ ಕಂಡುಹಿಡಿದ. 1892ರ ಮಾರ್ಚ್ 11ರಂದು ಆ ಆಟದ ಮೊದಲ ಸಾರ್ವಜನಿಕ ಪಂದ್ಯ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ನಡೆದು, ವಿದ್ಯಾರ್ಥಿಗಳು 5–1ರಿಂದ ಗೆದ್ದರು. ಶಿಕ್ಷಕರ ಕಡೆಯ ಆ ಒಂದೇ ಒಂದು ಅಂಕ ಸ್ಟ್ಯಾಗ್ ಅವರದು.

ಅದೇ ವರ್ಷ ಹೊಸದಾಗಿ ಬಾಗಿಲು ತೆರೆದ ಷಿಕಾಗೊ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಯೇಲ್‌ನಲ್ಲಿ ಸ್ಟ್ಯಾಗ್ ಅವರಿಗೆ ಪಾಠ ಹೇಳಿದ್ದವರು. ಹಾರ್ಪರ್ ಮಾಡಿದ ಒಂದು ಕೆಲಸ ಇಡೀ ಕಥೆಯ ತಿರುವು ಎಂದು ನನಗೆ ಅನ್ನಿಸುತ್ತದೆ: ಸ್ಟ್ಯಾಗ್ ಅವರನ್ನು ಒಂದು ಋತುವಿನ ಮಟ್ಟಿಗೆ ಬಾಡಿಗೆ ಕೋಚ್ ಆಗಿ ತರಲಿಲ್ಲ, ಬೋಧಕ ವರ್ಗದಲ್ಲಿ ಭದ್ರವಾದ ಸ್ಥಾನ ಕೊಟ್ಟು, ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿದರು. ಮುಂದಿನ ಪಂದ್ಯ ಸೋತರೆ ಕೆಲಸ ಹೋಗುತ್ತದೆ ಎಂಬ ಭಯವಿಲ್ಲದ ಗುರು ನಿಧಾನವಾಗಿ ತಂಡ ಕಟ್ಟಬಲ್ಲ.

ಕಟ್ಟಿದರು. ಫುಟ್‌ಬಾಲ್ ತಂಡವನ್ನು 1892ರಿಂದ 1932ರವರೆಗೆ ಸತತ 41 ಋತು ನಡೆಸಿದರು. 1905ರಲ್ಲಿ ಷಿಕಾಗೊ ತಂಡ 56 ಪಂದ್ಯಗಳಿಂದ ಸೋಲನ್ನೇ ಕಾಣದಿದ್ದ ಮಿಷಿಗನ್ ತಂಡವನ್ನು 2–0ರಿಂದ ಮಣಿಸಿತು. 1913ರ ತಂಡ ಒಂದೂ ಪಂದ್ಯ ಸೋಲಲಿಲ್ಲ. ಇದರ ಜೊತೆಯಲ್ಲೇ ಸುಮಾರು ಎರಡು ದಶಕ ಬೇಸ್‌ಬಾಲ್ ತಂಡ, ಮೂರು ದಶಕಕ್ಕೂ ಹೆಚ್ಚು ಕಾಲ ಅಥ್ಲೆಟಿಕ್ಸ್ ತಂಡ ಅವರದೇ ಹೊಣೆ. 1900ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ತಮ್ಮ ವಿದ್ಯಾರ್ಥಿಗಳ ಸಣ್ಣ ತಂಡವೊಂದನ್ನು ಕರೆದೊಯ್ದರು. ಬಾಸ್ಕೆಟ್‌ಬಾಲ್ ತಂಡವನ್ನು ಸ್ವತಃ ನಡೆಸಿದ್ದು ಒಂದೇ ಋತು. ಆದರೆ ಪ್ರೌಢಶಾಲಾ ಹುಡುಗರಿಗಾಗಿ ಷಿಕಾಗೊದಲ್ಲಿ ರಾಷ್ಟ್ರಮಟ್ಟದ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಆರಂಭಿಸಿ ಆ ಆಟ ಹರಡಲು ಕಾರಣರಾದರು.

ಎಲ್ಲ ಆಟದಲ್ಲೂ ಅವರಿಗೆ ಸಮನಾದ ಯಶಸ್ಸು ಸಿಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅವರ ಬೇರು ಇದ್ದದ್ದು ಫುಟ್‌ಬಾಲ್‌ನಲ್ಲಿ. ಉಳಿದ ಆಟಗಳಿಗೆ ಕೊಟ್ಟದ್ದು ಶಿಸ್ತು, ದೇಹಸಾಮರ್ಥ್ಯ ಮತ್ತು ಅಭ್ಯಾಸದ ಹೊಸ ಉಪಾಯಗಳು. ಹಾಸಿಗೆ ಸುತ್ತಿ ನೇತುಹಾಕಿ ಅದಕ್ಕೆ ಡಿಕ್ಕಿ ಹೊಡೆಸಿ ಎದುರಾಳಿಯನ್ನು ಕೆಡಹುವುದನ್ನು ಕಲಿಸಿದ್ದು, ಹೊರಗೆ ಹಿಮ ಬಿದ್ದಾಗಲೂ ಬೇಸ್‌ಬಾಲ್ ಹೊಡೆತ ಅಭ್ಯಾಸ ಮಾಡಲು ಬಲೆಯ ಪಂಜರ ಕಟ್ಟಿಸಿದ್ದು ಅವರ ಹೆಸರಿನಲ್ಲೇ ದಾಖಲಾಗಿವೆ. 1951ರಲ್ಲಿ ಕಾಲೇಜು ಫುಟ್‌ಬಾಲ್‌ನ ಕೀರ್ತಿಭವನ (ಹಾಲ್ ಆಫ್ ಫೇಮ್) ಅವರನ್ನು ಆಟಗಾರನಾಗಿಯೂ ಗುರುವಾಗಿಯೂ ಸೇರಿಸಿಕೊಂಡಿತು. 1959ರಲ್ಲಿ ಬಾಸ್ಕೆಟ್‌ಬಾಲ್ ಕೀರ್ತಿಭವನ ಗೌರವಿಸಿದವರ ಮೊದಲ ಪಟ್ಟಿಯಲ್ಲೇ ಅವರ ಹೆಸರಿತ್ತು.

70 ವರ್ಷವಾಯಿತೆಂದು ಷಿಕಾಗೊ ಅವರನ್ನು ನಿವೃತ್ತಿಗೊಳಿಸಿದಾಗ ಅವರು ಮನೆಗೆ ಹೋಗಲಿಲ್ಲ. ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದಿ ಪೆಸಿಫಿಕ್ ಸೇರಿ 1946ರವರೆಗೆ ಕಲಿಸಿದರು. 1943ರಲ್ಲಿ, 81ನೆಯ ವಯಸ್ಸಿನಲ್ಲಿ, ವರ್ಷದ ಅತ್ಯುತ್ತಮ ಕೋಚ್ ಎನಿಸಿಕೊಂಡರು. 102 ವರ್ಷ ಬಾಳಿ 1965ರಲ್ಲಿ ತೀರಿಕೊಂಡರು. ಷಿಕಾಗೊದಲ್ಲಿ ಅವರ ಹೆಸರಿದ್ದ ಕ್ರೀಡಾಂಗಣವನ್ನು ಇತಿಹಾಸದ ಪುಸ್ತಕ ಓದಿದವರು ಬೇರೆ ಕಾರಣಕ್ಕೆ ಬಲ್ಲರು: 1942ರ ಡಿಸೆಂಬರ್ 2ರಂದು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆದದ್ದು ಆ ಸ್ಟ್ಯಾಗ್ ಫೀಲ್ಡ್‌ನ ಪಶ್ಚಿಮ ಗ್ಯಾಲರಿಯ ಕೆಳಗೆ.

ಹಣವಿಲ್ಲದ ಕಾಲೇಜು, ಎಲ್ಲ ಹೊಣೆ ಒಬ್ಬರಿಗೆ

ಸ್ಟ್ಯಾಗ್ ಅವರಿಗೆ ಶ್ರೀಮಂತ ವಿಶ್ವವಿದ್ಯಾಲಯದ ಬೆಂಬಲವಿತ್ತು. ನಮ್ಮ ಊರಿನ ಸ್ಥಿತಿಗೆ ಹತ್ತಿರದ ಉದಾಹರಣೆ ಕ್ಲಾರೆನ್ಸ್ ಗೇನ್ಸ್. ವರ್ಣಭೇದದ ಕಾಲದಲ್ಲಿ, ನಾರ್ತ್ ಕ್ಯಾರೊಲಿನಾದ ಕಪ್ಪು ವಿದ್ಯಾರ್ಥಿಗಳ ವಿನ್‌ಸ್ಟನ್-ಸೇಲಂ ಕಾಲೇಜಿನಲ್ಲಿ 1946ರಿಂದ ಅವರು ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಎರಡೂ ತಂಡಗಳ ಮುಖ್ಯ ಗುರು. ಗಾಯಗೊಂಡವರ ಆರೈಕೆಯಿಂದ ಟಿಕೆಟ್ ವ್ಯವಹಾರದವರೆಗೆ ಉಳಿದದ್ದೂ ಅವರದೇ. ಇನ್ನೊಬ್ಬರನ್ನು ನೇಮಿಸಲು ಕಾಲೇಜಿನಲ್ಲಿ ಹಣವಿರಲಿಲ್ಲ. ಫುಟ್‌ಬಾಲ್‌ನಲ್ಲೂ ಗೆಲುವು ಕಂಡ ಮೇಲೆ, 1949ರಲ್ಲಿ ಅದನ್ನು ಬಿಟ್ಟು ಬಾಸ್ಕೆಟ್‌ಬಾಲ್ ಒಂದಕ್ಕೇ ನಿಂತರು. 1967ರಲ್ಲಿ ಅವರ ತಂಡ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ ಎರಡನೆಯ ದರ್ಜೆಯ ಬಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದಿತು. ಕಪ್ಪು ವಿದ್ಯಾರ್ಥಿಗಳ ಕಾಲೇಜೊಂದಕ್ಕೆ ಆ ಸಂಘದ ಬಾಸ್ಕೆಟ್‌ಬಾಲ್ ಪ್ರಶಸ್ತಿ ಬಂದದ್ದು ಅದೇ ಮೊದಲು. 1993ರಲ್ಲಿ ನಿವೃತ್ತರಾಗುವ ಹೊತ್ತಿಗೆ 828 ಗೆಲುವು ಅವರ ಲೆಕ್ಕದಲ್ಲಿದ್ದವು. ಬಿಡಬೇಕಾದ ಆಟವನ್ನು ಬಿಟ್ಟದ್ದೂ ಆ ಲೆಕ್ಕದ ಹಿಂದಿದೆ.

ಸ್ಪ್ರಿಂಗ್‌ಫೀಲ್ಡ್‌ನಿಂದ ಮದ್ರಾಸಿಗೆ, ಅಲ್ಲಿಂದ ನಮ್ಮ ಕಾಲೇಜಿಗೆ

ಅಮೆರಿಕದ ಮಾತು ದಾವಣಗೆರೆಗೆ ಏಕೆ ಎಂದು ಕೇಳುವವರಿಗೆ ಒಂದು ನೇರ ಸಂಬಂಧ ತೋರಿಸಬಹುದು. ಸ್ಟ್ಯಾಗ್ ಕಲಿಸಿದ, ನೈಸ್ಮಿತ್ ಬಾಸ್ಕೆಟ್‌ಬಾಲ್ ಕಂಡುಹಿಡಿದ ಅದೇ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಓದಿದ ವಿಲಿಯಂ ಮಾರ್ಗನ್ 1895ರಲ್ಲಿ ಹತ್ತಿರದ ಹೊಲಿಯೋಕ್‌ನಲ್ಲಿ ವಾಲಿಬಾಲ್ ರೂಪಿಸಿದರು. ಅಲ್ಲೇ ಕಲಿತ ಹ್ಯಾರಿ ಕ್ರೋ ಬಕ್ ಭಾರತಕ್ಕೆ ಬಂದು 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಅಥ್ಲೆಟಿಕ್ಸ್ ತಂಡವನ್ನು ಸಜ್ಜುಗೊಳಿಸುವುದರಲ್ಲಿಯೂ ಬಕ್ ಅವರ ಪಾತ್ರವಿತ್ತು. ದಕ್ಷಿಣ ಭಾರತದ ಶಾಲೆ, ಕಾಲೇಜುಗಳ ದೈಹಿಕ ಶಿಕ್ಷಕರ ಹಲವು ತಲೆಮಾರು ಆ ಮದ್ರಾಸ್ ಕಾಲೇಜಿನಲ್ಲಿ ತಯಾರಾಯಿತು. 1957ರಲ್ಲಿ ಗ್ವಾಲಿಯರ್‌ನಲ್ಲಿ ಲಕ್ಷ್ಮೀಬಾಯಿ ಹೆಸರಿನ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜು ಬಂತು. ಒಬ್ಬ ಶಿಕ್ಷಕ ಎಲ್ಲ ಆಟ ಬಲ್ಲವನಾಗಿರಬೇಕು, ಆಟದ ಮೂಲಕ ವಿದ್ಯಾರ್ಥಿಯ ದೇಹ ಮತ್ತು ನಡತೆ ಎರಡನ್ನೂ ತಿದ್ದಬೇಕು ಎಂಬ ಕಲ್ಪನೆ ನಮ್ಮ ನಿರ್ದೇಶಕರ ಹುದ್ದೆಯೊಳಗೆ ಬಂದದ್ದು ಈ ದಾರಿಯಲ್ಲಿ.

ಆಟ ಬೇರೆಯಾದರೂ ದೇಹ ಒಂದೇ

ಇನ್ನು ಮುಖ್ಯ ಪ್ರಶ್ನೆ: ಒಂದು ಆಟದ ತಿಳಿವಳಿಕೆ ಇನ್ನೊಂದಕ್ಕೆ ಹೇಗೆ ಉಪಯೋಗವಾಗುತ್ತದೆ?

ನಮ್ಮ ಭಾಗದ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಭದ್ರಾ ನಾಲೆಯ ನೀರು ಬರುವ ಕಡೆ ಭತ್ತ, ಮಳೆ ನಂಬಿದ ಕಡೆ ಮೆಕ್ಕೆಜೋಳ, ಚಳ್ಳಕೆರೆಯ ಕಡೆ ಶೇಂಗಾ. ಬೆಳೆ ಯಾವುದಾದರೂ ಮಣ್ಣು ನೋಡುವುದು, ಹದ ಮಾಡುವುದು, ಹೊತ್ತಿಗೆ ಸರಿಯಾಗಿ ಬಿತ್ತುವುದು ಬಲ್ಲವನು ಅರ್ಧ ಗೆದ್ದಂತೆ. ಉಳಿದರ್ಧ ಆಯಾ ಬೆಳೆಯ ರೋಗ, ಕೀಟ, ಕೊಯ್ಲಿನ ಜ್ಞಾನ. ಅದನ್ನು ಬೇರೆಯಾಗಿಯೇ ಕಲಿಯಬೇಕು.

ಆಟದಲ್ಲಿ ಹದ ಮಾಡುವುದೆಂದರೆ ದೇಹವನ್ನು ಸಿದ್ಧಗೊಳಿಸುವುದು. ನಮ್ಮ ಸ್ನಾಯುಗಳಿಗೆ ಶಕ್ತಿ ಮೂರು ದಾರಿಯಲ್ಲಿ ಬರುತ್ತದೆ. ಸುಮಾರು ಹತ್ತು ಸೆಕೆಂಡಿನೊಳಗಿನ ಸ್ಫೋಟಕ ಚಲನೆಗೆ ಸ್ನಾಯುವಿನಲ್ಲೇ ಸಿದ್ಧವಾಗಿರುವ ಸಂಗ್ರಹ ಸಾಕು. ಅದಕ್ಕಿಂತ ಮುಂದೆ, ಒಂದೆರಡು ನಿಮಿಷದವರೆಗಿನ ತೀವ್ರ ಶ್ರಮಕ್ಕೆ ಸ್ನಾಯುವಿನಲ್ಲಿರುವ ಸಕ್ಕರೆಯ ಅಂಶ ಆಮ್ಲಜನಕದ ನೆರವಿಲ್ಲದೆಯೇ ಒಡೆದು ಶಕ್ತಿ ಕೊಡುತ್ತದೆ. ಕಾಲು ಉರಿದು ಸೀಸದಂತೆ ಭಾರವಾಗುವುದು ಈ ಹಂತದಲ್ಲಿ. ಇನ್ನೂ ದೀರ್ಘವಾದ ಶ್ರಮಕ್ಕೆ ಉಸಿರಿನ ಆಮ್ಲಜನಕವೇ ಆಧಾರ. ಈ ಮೂರೂ ಏಕಕಾಲಕ್ಕೆ ನಡೆಯುತ್ತಿರುತ್ತವೆ. ಯಾವುದರ ಪಾಲು ಹೆಚ್ಚು ಎಂಬುದು ಆಟವನ್ನು ಅವಲಂಬಿಸಿ ಬದಲಾಗುತ್ತದೆ.

ಕಬಡ್ಡಿಯ ಒಂದು ರೇಡ್‌ಗೆ ಇರುವುದು 30 ಸೆಕೆಂಡ್. ಒಳಗೆ ನುಗ್ಗುವುದು, ಮುಟ್ಟುವುದು, ತಿರುಗಿ ಹಾರುವುದು ಸ್ಫೋಟಕ ಚಲನೆಗಳು. ಆದರೆ ಪುರುಷರ ಪಂದ್ಯದಲ್ಲಿ 20 ನಿಮಿಷದ ಎರಡು ಅವಧಿಗಳಿರುವುದರಿಂದ ಉಸಿರಿನ ಶಕ್ತಿಯೂ ಬೇಕು. ಖೋ ಖೋದಲ್ಲಿ ಬೆನ್ನಟ್ಟುವುದೂ ಹಾಗೆಯೇ: ನಾಲ್ಕು ಹೆಜ್ಜೆಯ ಓಟ, ತಟ್ಟನೆ ದಿಕ್ಕು ಬದಲು, ಮತ್ತೆ ಓಟ. ವಾಲಿಬಾಲ್‌ನಲ್ಲಿ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್ ಎತ್ತರದ ಬಲೆಯ ಮೇಲೆ ಮತ್ತೆ ಮತ್ತೆ ನೆಗೆಯುವ ಕಾಲು, ಉದ್ದಜಿಗಿತಗಾರನ ಕಾಲಿಗೆ ಸೋದರ. ಆದ್ದರಿಂದ ಬೆಳಗಿನ ಒಂದು ಗಂಟೆ ನಾಲ್ಕು ತಂಡಗಳನ್ನೂ ಒಟ್ಟಿಗೆ ಓಡಿಸಿ, ನೆಗೆಸಿ, ಬೆನ್ನು ಹೊಟ್ಟೆ ಗಟ್ಟಿ ಮಾಡಿಸುವ ನಿರ್ದೇಶಕರು ಸಮಯ ಉಳಿಸುತ್ತಿದ್ದಾರೆ ಎಂದಷ್ಟೇ ತಿಳಿಯಬಾರದು. ನಾಲ್ಕು ಆಟಗಳಿಗೂ ಸಾಮಾನ್ಯವಾದ ಅಡಿಪಾಯ ಹಾಕುತ್ತಿದ್ದಾರೆ.

ಅಡಿಪಾಯದ ನಿಯಮವೂ ಎಲ್ಲ ಆಟಕ್ಕೂ ಒಂದೇ. ದೇಹಕ್ಕೆ ನಿನ್ನೆಗಿಂತ ಸ್ವಲ್ಪ ಹೆಚ್ಚು ಕೆಲಸ ಕೊಡಬೇಕು, ಆಮೇಲೆ ವಿಶ್ರಾಂತಿ ಕೊಡಬೇಕು. ದೇಹ ಬಲಗೊಳ್ಳುವುದು ದುಡಿಯುವಾಗ ಅಲ್ಲ, ದುಡಿದು ಮಲಗಿದಾಗ. ಈ ಎರಡನೆಯ ಭಾಗವನ್ನು ಮರೆತ ಗುರುಗಳ ಕೈಯಲ್ಲಿ ಒಳ್ಳೆಯ ಮಕ್ಕಳು ಗಾಯಾಳುಗಳಾಗುತ್ತಾರೆ. ಹಲವು ಆಟ ಆಡುವ ಪ್ರತಿಭಾವಂತರಿಗೆ ಈ ಅಪಾಯ ಇನ್ನೂ ಹೆಚ್ಚು. ಎಲ್ಲ ತಂಡಕ್ಕೂ ಅವರೇ ಬೇಕಾಗಿರುತ್ತಾರೆ. ಇಲ್ಲಿ ಗುರು ಒಬ್ಬರೇ ಆಗಿರುವುದು ಒಂದು ಅನುಕೂಲ. ಸೋಮವಾರ ಕಬಡ್ಡಿಯಲ್ಲಿ ಮೊಣಕಾಲು ಹೊರಳಿಸಿಕೊಂಡವಳನ್ನು ಬುಧವಾರ ಖೋ ಖೋಗೆ ಇಳಿಸಬಾರದು ಎಂಬುದು ಅವರಿಗೆ ಯಾರೂ ಹೇಳದೆಯೇ ಗೊತ್ತಿರುತ್ತದೆ.

ಮಗುವನ್ನು ಸರಿಯಾದ ಆಟಕ್ಕೆ ಹಚ್ಚುವ ಕಣ್ಣು ಇನ್ನೊಂದು ಅನುಕೂಲ. 100 ಮೀಟರ್‌ನಲ್ಲಿ ಕೊನೆಗೆ ಹಿಂದೆ ಬೀಳುವ, ಆದರೆ ಮೊದಲ ಇಪ್ಪತ್ತು ಮೀಟರ್‌ನಲ್ಲಿ ಯಾರಿಗೂ ಸಿಗದ ಹುಡುಗನನ್ನು ಅಥ್ಲೆಟಿಕ್ಸ್ ಒಂದೇ ಬಲ್ಲವರು ಮನೆಗೆ ಕಳಿಸಬಹುದು. ಕಬಡ್ಡಿಯನ್ನೂ ಬಲ್ಲವರು ಅವನನ್ನು ರೇಡರ್ ಮಾಡುತ್ತಾರೆ. ಹಳ್ಳಿಯಿಂದ ಬಂದು, ಪದವಿಯ ಮೊದಲ ವರ್ಷದಲ್ಲಿ ಮೊದಲ ಬಾರಿಗೆ ಕ್ರಮಬದ್ಧ ಅಭ್ಯಾಸ ಕಾಣುವ ಹೆಣ್ಣುಮಕ್ಕಳ ವಿಷಯದಲ್ಲಿ ಈ ಕಣ್ಣಿನ ಬೆಲೆ ಎಷ್ಟು ಹೇಳಿದರೂ ಕಡಿಮೆ. ಅವರಿಗೆ ತಮ್ಮ ಆಟ ಯಾವುದೆಂದು ಹುಡುಕಿಕೊಳ್ಳಲು ಸಿಗುವುದು ಈ ಮೂರೇ ವರ್ಷ.

ಎಲ್ಲಿ ಈ ವಿದ್ಯೆ ನಿಲ್ಲುತ್ತದೆ

ಮೇಲಿನ ಮಟ್ಟಕ್ಕೆ ಹೋದಂತೆ ಸಾಮಾನ್ಯ ಜ್ಞಾನದ ಲಾಭ ಕಡಿಮೆಯಾಗುತ್ತದೆ. ದೇಹ ಏನನ್ನು ಅಭ್ಯಾಸ ಮಾಡುತ್ತದೆಯೋ ಅದರಲ್ಲೇ ನಿಪುಣವಾಗುತ್ತದೆ. ವಾಲಿಬಾಲ್ ಸೆಟ್ಟರ್‌ನ ಬೆರಳಿನ ನಾಜೂಕು, ಕಬಡ್ಡಿಯ ಕಾರ್ನರ್ ಆಟಗಾರ ಕಣಕಾಲು ಹಿಡಿಯುವ ಕ್ಷಣ, ಜಾವೆಲಿನ್ ಎಸೆಯುವವನ ಕೊನೆಯ ಅಡ್ಡ ಹೆಜ್ಜೆಗಳು ಒಂದರಿಂದ ಇನ್ನೊಂದಕ್ಕೆ ದಾಟಿ ಬರುವುದಿಲ್ಲ. ಪೋಲ್ ವಾಲ್ಟ್, ಜಿಮ್ನಾಸ್ಟಿಕ್ಸ್‌ನಂಥವುಗಳಲ್ಲಿ ಅರ್ಧ ಬಲ್ಲವರಿಂದ ಕಲಿಯುವುದು ಅಪಾಯಕಾರಿಯೂ ಹೌದು. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದಾಗ ಅದು ಸಂದದ್ದು ಅಥ್ಲೆಟಿಕ್ಸ್, ಬಾಕ್ಸಿಂಗ್, ಕುಸ್ತಿ ಎಂದು ಒಂದೊಂದು ಕ್ರೀಡೆಗೆ ಬಾಳು ಕೊಟ್ಟ ಮೂವರಿಗೆ: ಒ.ಎಂ. ನಂಬಿಯಾರ್, ಓಂ ಪ್ರಕಾಶ್ ಭಾರದ್ವಾಜ್, ಭಾಲಚಂದ್ರ ಭಾಸ್ಕರ ಭಾಗವತ್.

ಕುಸ್ತಿಯ ಮಾತು ಬಂದರೆ ದಾವಣಗೆರೆಯವರಿಗೆ ಬೇರೆ ಉದಾಹರಣೆ ಬೇಡ. ಗರಡಿಮನೆಯಲ್ಲಿ ಮಣ್ಣಿನ ಮೇಲೆ ಪಟ್ಟು ಕಲಿತ ಹುಡುಗ ಕಾಲೇಜಿಗೆ ಬಂದಾಗ ಸ್ಪರ್ಧೆ ಮ್ಯಾಟ್ ಮೇಲೆ, ಮೂರು ನಿಮಿಷದ ಎರಡು ಸುತ್ತು, ಅಂಕದ ಲೆಕ್ಕ. ಮಣ್ಣಿನಲ್ಲಿ ಕಾಯುವುದಕ್ಕೆ ಅವಕಾಶವಿದೆ. ಮ್ಯಾಟ್ ಮೇಲೆ ಸುಮ್ಮನೆ ಕಾದರೆ ಅಂಕ ಹೋಗುತ್ತದೆ. ವಾಲಿಬಾಲ್ ಹಿನ್ನೆಲೆಯ ನಿರ್ದೇಶಕರು ಇವನಿಗೆ ಪಟ್ಟು ಹೇಳಿಕೊಡಲು ಹೋಗಬಾರದು. ಅವರು ಅವನ ತೂಕ, ಊಟ, ಹಾಜರಾತಿ, ಸ್ಪರ್ಧೆಯ ದಿನಾಂಕ ನೋಡಿಕೊಂಡು, ಪಟ್ಟಿನ ಪಾಠವನ್ನು ಗರಡಿಯ ಉಸ್ತಾದರಿಗೂ ಮ್ಯಾಟ್ ಕುಸ್ತಿಯ ಕೋಚ್‌ಗೂ ಬಿಡಬೇಕು. ತನಗೆ ತಿಳಿಯದ್ದನ್ನು ತಿಳಿದವರ ಬಳಿಗೆ ವಿದ್ಯಾರ್ಥಿಯನ್ನು ಕಳಿಸುವ ಗುರುವೇ ಹಲವು ಆಟಗಳಲ್ಲಿ ಗೆಲ್ಲುತ್ತಾನೆ ಎಂದು ನಾನು ಬಲವಾಗಿ ನಂಬುತ್ತೇನೆ.

ಗೆಲುವಿನ ಪಟ್ಟಿಯನ್ನು ಓದುವ ಬಗೆ

ಕಾಲೇಜಿನ ಗಾಜಿನ ಕಪಾಟಿನಲ್ಲಿ ಸಾಲು ಸಾಲು ಕಪ್ ಕಂಡರೆ ಮೆಚ್ಚುಗೆಯಾಗುತ್ತದೆ. ಅವುಗಳ ಮೇಲಿನ ಇಸವಿ ಓದಬೇಕು. ಒಂದೇ ಆಟದ ಕಪ್‌ಗಳೆಲ್ಲ ಮೂರು ವರ್ಷದೊಳಗೆ ಬಂದು ನಿಂತಿದ್ದರೆ, ಒಬ್ಬ ಅಸಾಧಾರಣ ಆಟಗಾರ ಆಗ ಅಲ್ಲಿ ಓದುತ್ತಿದ್ದಿರಬಹುದು. ಪದವಿಯ ಅವಧಿಯೇ ಅಷ್ಟು. ಹತ್ತು ಹದಿನೈದು ವರ್ಷ ಬಿಟ್ಟು ಬಿಟ್ಟು, ಬೇರೆ ಬೇರೆ ಆಟಗಳಲ್ಲಿ, ಬೇರೆ ಬೇರೆ ತಲೆಮಾರಿನ ವಿದ್ಯಾರ್ಥಿಗಳಿಂದ ಬಂದಿದ್ದರೆ ಅದು ಗುರುವಿನ ಕೆಲಸ. ಕ್ರೀಡಾ ಕೋಟಾದಲ್ಲಿ ಸಿದ್ಧ ಆಟಗಾರರನ್ನು ಸೇರಿಸಿಕೊಂಡು ಗೆಲ್ಲುವುದಕ್ಕೂ, ಆಟವೇ ಗೊತ್ತಿಲ್ಲದೆ ಬಂದವರನ್ನು ವಿಶ್ವವಿದ್ಯಾಲಯ ತಂಡದವರೆಗೆ ಒಯ್ಯುವುದಕ್ಕೂ ಬಹಳ ಅಂತರವಿದೆ. ಎರಡನೆಯದು ಕಪಾಟಿನಲ್ಲಿ ಕಾಣಿಸುವುದಿಲ್ಲ. ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ ಗೊತ್ತಾಗುತ್ತದೆ.

ಪ್ರವೇಶಕ್ಕೆ ಮೊದಲು ಒಂದು ಮುಂಜಾನೆ ಮೈದಾನಕ್ಕೆ ಹೋಗಿ ನಿಲ್ಲುವುದು ಎಲ್ಲಕ್ಕಿಂತ ಉತ್ತಮ. ದಾವಣಗೆರೆಯ ಹೈಸ್ಕೂಲ್ ಮೈದಾನವಾಗಲಿ, ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣವಾಗಲಿ, ಅಭ್ಯಾಸ ಮರೆಯಲ್ಲಿ ನಡೆಯುವುದಿಲ್ಲ. ಪಂದ್ಯಾವಳಿ ಮುಗಿದ ತಿಂಗಳಲ್ಲೂ ತಂಡ ಮೈದಾನಕ್ಕೆ ಬರುತ್ತದೆಯೇ? ಹುಡುಗಿಯರ ತಂಡಕ್ಕೂ ಹುಡುಗರಷ್ಟೇ ಸಮಯ ಸಿಗುತ್ತದೆಯೇ? ಹಿರಿಯ ಆಟಗಾರರು ಕಿರಿಯರಿಗೆ ಹೇಳಿಕೊಡುತ್ತಿದ್ದಾರೆಯೇ? ನಾಲ್ಕು ತಂಡ ನೋಡುವ ಒಬ್ಬ ಗುರುವಿಗೆ ಹಿರಿಯ ವಿದ್ಯಾರ್ಥಿಗಳೇ ಸಹಾಯಕ ಕೋಚ್‌ಗಳು. ಅವರನ್ನು ಹಾಗೆ ತಯಾರು ಮಾಡದಿದ್ದರೆ, ನಿರ್ದೇಶಕರು ಪರೀಕ್ಷಾ ಕೆಲಸಕ್ಕೆಂದು ಒಂದು ವಾರ ಹೋದೊಡನೆ ಮೈದಾನ ಖಾಲಿಯಾಗುತ್ತದೆ.

ಎರಡು ಆಟ ಆಡುವ ಮಕ್ಕಳ ಪೋಷಕರು ನಿರ್ದೇಶಕರೊಂದಿಗೆ ಮೊದಲೇ ಮಾತನಾಡಿಕೊಳ್ಳಬೇಕಾದ ಒಂದು ಸಂಗತಿ ಇದೆ. ಮೊದಲ ವರ್ಷ ಎರಡನ್ನೂ ಆಡಲಿ, ದೇಹಕ್ಕೂ ಮನಸ್ಸಿಗೂ ಅದು ಒಳ್ಳೆಯದು. ಆದರೆ ಎರಡೂ ಆಟಗಳ ವಿಶ್ವವಿದ್ಯಾಲಯ ಆಯ್ಕೆ ಟ್ರಯಲ್ ಒಂದೇ ವಾರ ಬೀಳುವುದುಂಟು, ಸೆಮಿಸ್ಟರ್ ಪರೀಕ್ಷೆಯ ಹೊಸ್ತಿಲಲ್ಲೇ ವಲಯ ಮಟ್ಟದ ಪಂದ್ಯ ಬರುವುದೂ ಉಂಟು. ಆಗ ಯಾವ ಆಟ ಉಳಿಸಬೇಕು, ತಪ್ಪಿದ ಕಿರುಪರೀಕ್ಷೆಗೆ ಕಾಲೇಜು ಏನು ವ್ಯವಸ್ಥೆ ಮಾಡುತ್ತದೆ ಎಂಬುದನ್ನು ಪ್ರವೇಶದ ದಿನವೇ ಕೇಳಿ, ಸಾಧ್ಯವಾದರೆ ಬರಹದಲ್ಲಿ ಪಡೆದುಕೊಳ್ಳಿ.